ಸೋಮವಾರದ ಕಟ್ಟು

ಸಾಂಬ್ರಾಣಿಯ ಉಳವಪ್ಪ ಹೊಲ ಮಾಡಿಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ ಮುರಿದ ಎಲುಬು ಕಟ್ಟುವವನೆಂದು ಹೆಸರಾಗಿದ್ದ. ಬಿದಿರಿನ ಸೀಳು, ಹಳೆಯ ಸೀರೆಯ ಪಟ್ಟಿ, ಅರೆದ ಉದ್ದಿನ ಹಿಟ್ಟು, ಇಷ್ಟೇ ಅವನ ಸಾಮಾನು. ಕೂಲಿ ಮುಟ್ಟುತ್ತಿರಲಿಲ್ಲ. ಕಟ್ಟು ಬಿಚ್ಚಿದ ದಿನ ಒಂದು ತೆಂಗಿನಕಾಯಿ ಕೊಟ್ಟರೆ ಮುಗಿಯಿತು. ಸೋಮವಾರ ಕಟ್ಟಿದ್ದನ್ನು ಸೋಮವಾರವೇ ಬಿಚ್ಚಬೇಕು, ಕಟ್ಟಿದವನೇ ಬಿಚ್ಚಬೇಕು ಎನ್ನುವುದು ಅವನ ಮನೆತನದ ನೇಮ. ನಡುವೆ ಯಾರೂ ಏನೂ ಕೇಳುವಂತಿರಲಿಲ್ಲ.

ಕೇಳಿದವಳು ಕಾತರಿನಾ ಒಬ್ಬಳೇ.

ಊರಂಚಿನ ಸಿದ್ದಿಯರ ಕೇರಿಯಲ್ಲಿದ್ದ ಕೂಲಿಯ ಹೆಂಗಸು ಆಕೆ. ಗಂಡ ಇರಲಿಲ್ಲ. ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಹೇರಿದ ಬಂಡಿಯ ಮೇಲಿಂದ ಬಿದ್ದು, ಅವಳ ಒಂಬತ್ತು ವರ್ಷದ ಮಗಳು ಮರ್ತಾಳ ಬಲಗೈ ಮುರಿದಿತ್ತು. ಸೋಮವಾರ ಉಳವಪ್ಪನೇ ಕಟ್ಟಿದ. ಮೂರು ದಿನ ಕಳೆದು ಗುರುವಾರ ಕಾತರಿನಾ ಅವನ ಅಂಗಳಕ್ಕೆ ಬಂದು ನಿಂತಳು.

"ಅಪ್ಪಾರ, ಹುಡುಗಿ ಬೆರಳ ತಣ್ಣಗ ಆಗ್ಯಾವ್ರಿ. ಉಗುರ ನೀಲಿ ಕಾಣತಾವು. ಒಂಚೂರ ಬಂದ ನೋಡ್ರಿ."

ಅಂದು ಕಟ್ಟೆಯ ಮೇಲೆ ಪಾಳಾ ಊರಿನಿಂದ ಬಂದ ಜನ ಕೂತಿದ್ದರು. ಅವರ ಹಿರಿಯ ಗೂಳಪ್ಪನ ಕಾಲನ್ನು ಉಳವಪ್ಪ ನೆಟ್ಟಗೆ ಮಾಡಿದ್ದ. ಅದಕ್ಕೆಂದು ಜರಿಯಂಚಿನ ರುಮಾಲು ತಂದು ಆಗಷ್ಟೇ ಅವನ ತಲೆಗೆ ಸುತ್ತಿದ್ದರು.

"ಕಟ್ಟ ಬಿಗಿ ಇದ್ರನ ಎಲುಬ ಕೂಡತೈತಿ. ಸೋಮವಾರ ಬಾ," ಎಂದ ಉಳವಪ್ಪ.

"ಸೋಮವಾರ ಭಾಳ ದೂರ ಐತ್ರಿ."

"ಏನಬೇ, ನೀ ಯಾವಾಗ ಡಾಕ್ಟರ ಆದಿ?" ಎಂದು ಗೂಳಪ್ಪ ನಕ್ಕ. ಕಟ್ಟೆಯೆಲ್ಲ ನಕ್ಕಿತು. ಉಳವಪ್ಪನೂ ನಕ್ಕ.

ಸೋಮವಾರ ಕಟ್ಟು ಬಿಚ್ಚಿದಾಗ ಬೆರಳು ಕಪ್ಪಾಗಿದ್ದವು. ಧಾರವಾಡದ ದೊಡ್ಡ ದವಾಖಾನೆಯಲ್ಲಿ ಮರ್ತಾಳ ಕೈಯನ್ನು ಮೊಣಕೈ ಕೆಳಗೆ ತೆಗೆದರು.

ಊರು ಬೈದದ್ದು ದವಾಖಾನೆಯನ್ನು. "ಅದ ದವಾಖಾನಿ ಅಲ್ಲೋ, ಕೊಡ್ಲಿ ಅಂಗಡಿ! ಉಳವಪ್ಪನ ಕೈಯಾಗ ಇನ್ನೆರಡ ವಾರ ಇದ್ದಿದ್ರ ಹುಡುಗಿ ರೊಟ್ಟಿ ಬಡೀತಿತ್ತು," ಎಂದು ಚಹಾದಂಗಡಿಯ ಅಡಿವೆಯ್ಯ ಹೇಳಿಕೊಂಡು ತಿರುಗಿದ. ಉಳವಪ್ಪ ಆ ಮಾತು ಕೇಳಿ ಚಹಾ ಕುಡಿದು ಎದ್ದು ಬಂದ. ಅಲ್ಲ ಎನ್ನಲಿಲ್ಲ. ಎರಡು ತಿಂಗಳಲ್ಲಿ ಆ ಮಾತು ಬೆಳೆದು, ಡಾಕ್ಟರ ಮೇಲೆ ದಾವೆ ಹಾಕಬೇಕೆನ್ನುವವರೆಗೆ ಬಂತು. ಕಾತರಿನಾ ಮತ್ತೆ ಅವನ ಅಂಗಳಕ್ಕೆ ಬಂದಳು. ಈ ಸಲ ಕಟ್ಟೆ ಖಾಲಿಯಿತ್ತು.

"ನೀವ ಒಂದ ಮಾತ ಸಾಕ್ಷಿ ಹೇಳ್ರಿ ಅಪ್ಪಾರ. ಕೈ ಚಲೋ ಇತ್ತು ಅಂತ."

ಆಗಲಿ ಎಂದ. ಆಗಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಹಳಿಯಾಳಕ್ಕೆ ಅವನ ಬಂಡಿಯಲ್ಲೇ ಹೋದರು. ತಾಯಿ ಮಗಳು ಹಿಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ದಾರಿಯುದ್ದಕ್ಕೂ ಉಳವಪ್ಪ ಎತ್ತುಗಳ ಬೆನ್ನನ್ನೇ ನೋಡುತ್ತಿದ್ದ.

ವಕೀಲ ಶಿವಲಿಂಗಪ್ಪ ಕನ್ನಡಕ ಒರೆಸುತ್ತ ಎಲ್ಲ ಕೇಳಿದರು. "ನೋಡವ್ವಾ, ಬ್ಯಾನಿ ಬಿದ್ದವರಿಗೂ ಹಕ್ಕ ಐತಿ. ನನಗ ಏನ ಮಾಡತೀರಿ, ಯಾಕ ಮಾಡತೀರಿ ಅಂತ ಕೇಳಬಹುದು. ಗುಣ ಆಗಲಿಲ್ಲ ಅಂತ ದಾವೆ ನಡ್ಯಾಂಗಿಲ್ಲ. ನೋಡಬೇಕಾದ್ದು ನೋಡದ ಬಿಟ್ಟಿದ್ರ ನಡೀತೈತಿ. ದುಡ್ಡ ತಗೊಳ್ಳದ ಮಾಡಿದ್ರೂ ಅಷ್ಟ. ಈಗ ಹೇಳು, ಕೈ ಕಟ್ಟಿದ ಮ್ಯಾಲ ಬೆರಳ ಯಾವಾಗ ಬಣ್ಣಗೆಟ್ಟವು? ಕಟ್ಟಿದವರಿಗೆ ತಿಳಿಸಿದ್ಯಾ?"

ಕಾತರಿನಾ ಉಳವಪ್ಪನ ಕಡೆ ಒಮ್ಮೆ ನೋಡಿ, ವಕೀಲರ ಕಡೆ ತಿರುಗಿದಳು.

"ಇಲ್ರಿ. ಅವ್ರು ನಡುವ ಬಂದ ತೋರ್ಸು ಅಂದಿದ್ರು. ನಾನಽ ಕೂಲಿಗೆ ಹೋಗಿ ಮರತೆ. ತಪ್ಪ ನಂದು."

ತನ್ನನ್ನು ಕಾಪಾಡಲು ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಉಳವಪ್ಪನಿಗೆ ಗೊತ್ತಾಯಿತು. ಚಿಕ್ಕವನಿದ್ದಾಗ ಅಪ್ಪ ತನ್ನ ಉಗುರನ್ನೇ ಒತ್ತಿ ತೋರಿಸಿದ್ದು ನೆನಪಾಯಿತು. ಒತ್ತಿದರೆ ಬೆಳ್ಳಗಾಗಬೇಕು, ಬಿಟ್ಟರೆ ಕೆಂಪು ತಿರುಗಿ ಬರಬೇಕು. ಬಾರದಿದ್ದರೆ ವಾರ ನೋಡಬೇಡ, ನೇಮ ನೋಡಬೇಡ, ಬಿಚ್ಚಿಬಿಡು. ನೇಮದ ಜೊತೆಗೇ ಕಲಿಸಿದ ಮಾತು ಅದು. ಗುರುವಾರ ಅವನು ಕಟ್ಟೆಯಿಂದ ಇಳಿದಿದ್ದರೆ ಸಾಕಿತ್ತು. ತಲೆಯ ಮೇಲೆ ಹೊಸ ರುಮಾಲು ಇತ್ತು.

"ಆಕಿ ಬಂದಿದ್ಲು," ಎಂದ. "ಮೂರನೇ ದಿನಾನ ಬಂದಿದ್ಲು. ಬೆರಳ ತಣ್ಣಗ ಆಗ್ಯಾವ ಅಂದ್ಲು. ನಾ ನಕ್ಕೆ. ದವಾಖಾನಿಯವ್ರು ಕೈ ತಗೀದ ಬಿಟ್ಟಿದ್ರ ಹುಡುಗಿ ಉಳೀತಿದ್ದಿಲ್ಲ."

ಕಾತರಿನಾ ಅವನ ಕಡೆ ತಿರುಗಿದಳು.

"ಬಂದ ನೋಡಬೇಕು ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ವಕೀಲರು ಕನ್ನಡಕ ಏರಿಸಿಕೊಂಡರು. "ಹಂಗಾದ್ರ ದಾವೆ ಡಾಕ್ಟರ ಮ್ಯಾಲ ಅಲ್ಲ, ಇವರ ಮ್ಯಾಲ. ಮಗಳ ಪರವಾಗಿ ನೀ ಹಾಕಬಹುದು. ಹಾಕಬೇಕಂತಿಲ್ಲ. ನಿನ್ನ ಇಷ್ಟ."

ಆಕೆ ಬೇಡ ಎನ್ನಬಹುದೆಂದು ಉಳವಪ್ಪ ಕಾದ. ಈಗಷ್ಟೇ ತನಗಾಗಿ ಸುಳ್ಳು ಹೇಳಿದವಳು, ಊರಲ್ಲಿ ದುಡಿದು ಉಣ್ಣಬೇಕಾದವಳು. ಹೋಗಲಿ ಬಿಡ್ರಿ ಎಂದಾಳು. ಹಾಗೆ ಕಾಯುತ್ತಿದ್ದೇನೆಂಬುದು ಹೊಳೆದಾಗ ಅವನಿಗೆ ಗುರುವಾರದ ನಗುವಿಗಿಂತ ಹೆಚ್ಚು ನಾಚಿಕೆಯಾಯಿತು.

ಕಾತರಿನಾ ಮಗಳ ತೋಳಿನ ಮೇಲೆ ಜಾರಿದ್ದ ಅಂಗಿಯ ಖಾಲಿ ತುದಿಯನ್ನು ಮೇಲಕ್ಕೆ ಮಡಚಿದಳು.

"ಬರೀರಿ ವಕೀಲಸಾಬ," ಎಂದಳು.

ಶಿವಲಿಂಗಪ್ಪ ಬರೆದರು. ಉಳವಪ್ಪ ತಾನು ಹೇಳಿದ್ದರ ಕೆಳಗೆ ಸಹಿ ಮಾಡಿದ. ಕಾತರಿನಾ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಅವನು ಬಂಡಿ ಹೂಡಿದಾಗ ಆಕೆ ಹತ್ತಲಿಲ್ಲ.

"ನಾವ ನಡಕೋತ ಬರ್ತೇವ್ರಿ."

"ಹುಡುಗಿ ದಣೀತೈತಿ."

"ದಣೀಲಿ."

ತಾಯಿ ಮಗಳು ಮುಂದೆ ನಡೆದರು. ಉಳವಪ್ಪ ಕೆಳಗಿಳಿದು ಎತ್ತುಗಳ ಹಗ್ಗ ಹಿಡಿದುಕೊಂಡ. ಊರಿನವರೆಗೂ ಅವರ ಹಿಂದೆ, ಖಾಲಿ ಬಂಡಿಯ ಜೊತೆ ನಡೆದುಕೊಂಡೇ ಬಂದ.