ಹುಳಿಯ ತಪ್ಪಲೆ

ಮೊನ್ನೆ ಚನ್ನಗಿರಿ ಪೇಟೆಯ ಮೂಲೆಯಲ್ಲಿ ಒಬ್ಬಾತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಕಾದ ಹಿತ್ತಾಳೆಗೆ ನವಸಾಗರ ತಾಗಿ ಎದ್ದ ಬಿಳಿ ಹೊಗೆ ಮೂಗಿಗೆ ಬಡಿಯಿತು. ಆ ಘಾಟಿನ ಜೊತೆಗೇ ಕಾಫಿ ಸೀಮೆಯ ಅಜ್ಜಿ ನೆನಪಾದರು... ಹಿಂದೆಯೇ ನನ್ನ ಹಳೆಯ ಸಿಟ್ಟೂ ಬಂತು.

ಅದು ಯುದ್ಧದ ಕಾಲ. ಕಲಾಯಿಗೆ ಬೇಕಾದ ತವರ ಸಿಗುವುದೇ ದುರ್ಲಭವಾಗಿತ್ತು. ಆದರೂ ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ನಾನೂ ಅಬ್ಬಾನೂ ಕೆರೆಬಿಳಚಿಯಿಂದ ಹೊರಟು ಬೆಟ್ಟದ ಮೇಲಿನ ಆ ಪುಟ್ಟ ಹಳ್ಳಿಗೆ ಹೋಗುತ್ತಿದ್ದೆವು. ಇದ್ದದ್ದು ಹತ್ತು ಹದಿನೈದು ಮನೆ. ಎಲ್ಲರ ಅಂಗಳದಲ್ಲೂ ಒಣಹಾಕಿದ ಕಾಫಿ ಹಣ್ಣು. ದೊಡ್ಡ ತೋಟದ ಮನೆಯ ಹಿತ್ತಲಲ್ಲಿ ನಮ್ಮ ಕಲಾಯಿ ಒಲೆ ಹೂಡುತ್ತಿದ್ದೆವು. ಆ ಮನೆಯ ಅಡುಗೆಯ ಅಜ್ಜಿ ನಮ್ಮೂರಿಗೆ ಹತ್ತಿರದ ಹೊನ್ನಾಳಿ ಕಡೆಯವರು. ನಮ್ಮ ದನಿ ಕೇಳಿದರೆ ಸಾಕು, ಬೆಲ್ಲದ ಕಾಫಿ ಹಿಡಿದು ಬಂದು ಕೂರುತ್ತಿದ್ದರು.

"ಹೊಳ್ಯಾಗೆ ನೀರು ಐತೇನಪ್ಪಾ?" ಎಂದು ವರ್ಷವೂ ಅದನ್ನೇ ಕೇಳುವರು. ಹೊನ್ನಾಳಿಯ ಹೊಳೆ ನೋಡಿ ನನಗೇ ವರ್ಷಗಳಾಗಿರುತ್ತಿದ್ದವು. ಆದರೂ ತುಂಬಿ ಹರಿಯುತ್ತಿದೆ ಎನ್ನುತ್ತಿದ್ದೆ.

ನನಗೆ ಇಪ್ಪತ್ತೊಂದಾಗಿದ್ದ ವರ್ಷ, ಆ ಮನೆಯ ಯಜಮಾನಿಯ ಬೆಳ್ಳಿ ಲೋಟ ಕಾಣೆಯಾಯಿತು. ಆಕೆ ತೋಟದ ಆಳುಗಳೆದುರು ನಮ್ಮ ಗಂಟು ಬಿಚ್ಚಿಸಿದಳು. ಊರೂರು ತಿರುಗುವವರನ್ನು ನಂಬಲಾಗದು ಎಂದಳು. ಅಬ್ಬಾನ ನಮಾಜಿನ ಚಾಪೆಯನ್ನೂ ಕೊಡವಿಸಿದಳು. ಸಂಜೆ ಲೋಟ ಕೊಟ್ಟಿಗೆಯ ಕಲಗಚ್ಚಿನಲ್ಲಿ ಸಿಕ್ಕಿತು. ಸಿಕ್ಕಿತೆಂದು ಹೇಳಿಕಳಿಸಿದಳು, ಅಷ್ಟೇ. ಬಿಡು, ಮೇಲಿನವನು ನೋಡಿಕೊಳ್ಳುತ್ತಾನೆ ಎಂದರು ಅಬ್ಬಾ. ನನಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ.

ಮರುದಿನ ಹುಳಿ ಮಾಡುವ ದೊಡ್ಡ ಹಿತ್ತಾಳೆ ತಪ್ಪಲೆ ನನ್ನ ಕೈಗೆ ಬಂತು. ಕಲಾಯಿಗೆ ಮೊದಲು ಮರಳು ಹಾಕಿ, ಪಾತ್ರೆಯೊಳಗೆ ನಿಂತು, ಕಾಲಲ್ಲಿ ತಿರುತಿರುಗಿ ಉಜ್ಜಬೇಕು. ಇಲ್ಲದಿದ್ದರೆ ತವರ ಹಿಡಿಯುವುದಿಲ್ಲ. ನಾನು ಉಜ್ಜಲಿಲ್ಲ. ತೆಳ್ಳಗೆ ತವರ ಸವರಿ ಕನ್ನಡಿಯ ಹಾಗೆ ಹೊಳೆಯಿಸಿದೆ. ನಾಲ್ಕು ವಾರದಲ್ಲಿ ಎದ್ದುಹೋಗಲಿ, ಹುಳಿಗೆ ಕಿಲುಬು ಬಿಡಲಿ, ಉಂಡು ವಾಂತಿ ಮಾಡಿಕೊಂಡು ಹೊರಳಾಡಲಿ ಅವಳು ಎಂದುಕೊಂಡೆ. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಜ್ಜಿ ತಪ್ಪಲೆಯೊಳಗೆ ಬಗ್ಗಿ ನೋಡಿ, "ಮುಖ ಕಾಣ್ತೈತಲ್ಲಪ್ಪಾ" ಎಂದು ಮೆಚ್ಚಿಕೊಂಡರು.

ಮುಂದಿನ ವರ್ಷ ಹೋದಾಗ ಅಜ್ಜಿ ಇರಲಿಲ್ಲ. ತಪ್ಪಲೆ ತಂದಿಟ್ಟವಳು ಯಜಮಾನಿಯೇ. ಒಳಗೆಲ್ಲ ಹಸಿರು ಕಿಲುಬು.

"ನಿಮ್ಮ ಕಲಾಯಿ ಚೆನ್ನಾಗೇ ಇತ್ತು ಸಾಬ್ರೇ" ಎಂದಳು ಅಬ್ಬಾನಿಗೆ. "ಆ ಮುದುಕಿ ತಿಕ್ಕಿ ತಿಕ್ಕಿ ಕಿತ್ತುಹಾಕಿದ್ಲು. ನಾವು ಬಿಸಿಬಿಸಿ ಉಂಡವ್ರು, ನಮಗೇನೂ ಆಗ್ಲಿಲ್ಲ. ಉಳಿದ ತಂಗಳು ಅವಳದ್ದಲ್ವಾ... ತನ್ನ ತಪ್ಪಿಗೆ ತಾನೇ ಹೋದ್ಲು."

ಹುಳಿ ಪಾತ್ರೆಯಲ್ಲಿ ತಂಗಿದರೆ ಮಾತ್ರ ಕಿಲುಬು ಜೋರಾಗಿ ಬಿಡುತ್ತದೆ. ಕಲಾಯಿಯವನ ಮಗನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಮನೆಯಲ್ಲಿ ತಂಗಳು ಯಾರ ಪಾಲು ಎಂಬುದನ್ನು ಸಿಟ್ಟಿನಲ್ಲಿ ಯೋಚಿಸಿರಲಿಲ್ಲ. ಅಬ್ಬಾ ತಪ್ಪಲೆಯೊಳಗೆ ಬೆರಳಾಡಿಸಿ ನನ್ನ ಮುಖ ನೋಡಿದರು. ಮಾಡದ ತಪ್ಪನ್ನು ಹಿಂದೆ ಅಬ್ಬಾನ ತಲೆಗೆ ಕಟ್ಟಿದ್ದವಳು ಈಗ ಸತ್ತವರ ತಲೆಗೆ ಕಟ್ಟುತ್ತಿದ್ದಳು. ನಾನು ಹೂಂಗುಟ್ಟಿದೆ.

ಆಕೆಯ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಅದು ಆರಿದರೆ ಬೈಯಲು ಉಳಿಯುವವನು ನಾನೊಬ್ಬನೇ. ಅದಕ್ಕೇ ಆರಲು ಬಿಟ್ಟಿಲ್ಲವೇನೋ...

ಮೊನ್ನೆ ಆ ಪೇಟೆಯವನು ಅರೆಬರೆ ಉಜ್ಜಿ ತವರ ಸವರಲು ಹೊರಟಾಗ ಅವನ ಕೈ ಹಿಡಿದೆ.

"ಇನ್ನೂ ಉಜ್ಜಪ್ಪಾ. ತಂಗಳು ಉಣ್ಣೋರು ಇರ್ತಾರೆ."

ಈಗ ಹಿತ್ತಾಳೆಯಲ್ಲಿ ಯಾರು ಅಡುಗೆ ಮಾಡುತ್ತಾರೆ, ಇದು ಅಲಂಕಾರಕ್ಕೆ ಇಡುವ ಪಾತ್ರೆ ಎಂದು ಅವನು ನಕ್ಕ. ಅವನು ಪೂರ್ತಿ ಉಜ್ಜುವ ತನಕ ನಾನು ಅಲ್ಲಿಂದ ಕದಲಲಿಲ್ಲ.