ತೊಡೆಯ ಮೇಲಿನ ಬಿಸಿ ಚೀಲ

ಹೇಳಬೇಕಾದ ದಿನ ನಾನು ಅಕ್ಕನಿಗೆ ನಿಜ ಹೇಳಲಿಲ್ಲ. ಹುಟ್ಟಿನಿಂದ ಬರುವ ಕಾಯಿಲೆ ಇದೆಯೇ ಎಂದು ನೋಡಲು ಅವಳ ಹಸುಗೂಸಿನ ಹಿಮ್ಮಡಿ ಚುಚ್ಚಿ, ಕಾಗದವೊಂದಕ್ಕೆ ರಕ್ತದ ಹನಿ ತಾಗಿಸಿದ್ದರು. "ಭಯ್ಯಾ, ಇದಕ್ಕೆ ಬಿಸಿ, ತೇವ ತಾಗಬಾರದು" ಎಂದು ನರ್ಸ್ ಅದನ್ನು ಲ್ಯಾಬಿಗೆ ಮುಟ್ಟಿಸಲು ನನಗೆ ಕೊಟ್ಟರು. ನಾನೋ, ದೆಹಲಿಯ ಕರೋಲ್ ಬಾಗ್‌ನ ನಮ್ಮ ಹೋಟೆಲಿನಿಂದ ತಂದಿದ್ದ, ದಾರಿಯಲ್ಲಿ ಗಿರಾಕಿಗೆ ಕೊಡಬೇಕಿದ್ದ ಬಿಸಿ ಇಡ್ಲಿಯ ಚೀಲದಲ್ಲೇ ಅದನ್ನು ಇಟ್ಟೆ. ಮೆಟ್ರೊದಲ್ಲಿ ಚೀಲ ತೊಡೆಯ ಮೇಲೆ ಬೆಚ್ಚಗಿತ್ತು. ಪಾಪುವೇ ಮಲಗಿದಂತೆ ಅನ್ನಿಸಿ, ರೈಲು ತೂಗಿದಂತೆಲ್ಲ ಕಣ್ಣು ಮುಚ್ಚಿಬಂತು.

ಇಳಿದು ನೋಡಿದರೆ ಕಾಗದ ಹಬೆಗೆ ಮೆತ್ತಗಾಗಿತ್ತು. ಹಾಗೇ ಲ್ಯಾಬಿಗೆ ಕೊಟ್ಟುಬಂದೆ.

ಹಾಲಿನ ಪ್ರೋಟೀನಿನಿಂದ ರಕ್ತಕ್ಕೆ ಸೇರುವ ಅಮೈನೊ ಆಮ್ಲದ ಮಟ್ಟ ನಂಬುವಂತಿಲ್ಲ, ಮತ್ತೆ ರಕ್ತ ಬೇಕು ಎಂದು ಲ್ಯಾಬಿನವರು ಫೋನ್ ಮಾಡಿದರು. ಮಗು ಸರಿಯಾಗಿ ಹಾಲು ಕುಡಿಯುತ್ತಿದೆಯೇ ಎಂದೂ ಕೇಳಿದರು. ಅಷ್ಟಕ್ಕೇ ಅಕ್ಕ ಕುಗ್ಗಿಹೋದಳು.

ಎರಡನೇ ಸಲ ಚುಚ್ಚಿದಾಗ ಪಾಪು ಚೀರಿತು. "ನನ್ನ ಹಾಲೇ ಸರಿಯಿಲ್ಲ ಕಣೋ" ಎಂದು ಅಕ್ಕ ಗೋಡೆಯತ್ತ ತಿರುಗಿದಳು.

ಪಾಪುವನ್ನು ಎತ್ತಿಕೊಂಡೆ. ಆ ಚೀಲದಷ್ಟೇ ಬೆಚ್ಚಗಿತ್ತು. "ನಿನ್ನ ಹಾಲಿಗೇನೂ ಆಗಿಲ್ಲ ಅಕ್ಕಾ. ಬಿಸಿ ಇಡ್ಲಿ ಜೊತೆ ಇಟ್ಟು ಕಾಗದ ಹಾಳು ಮಾಡಿದವನು ನಾನು. ತಪ್ಪಾಯ್ತು, ಕ್ಷಮಿಸು" ಎಂದೆ.