ಊರಿಗೆ ಹೋಗಿಬಂದವನ ಜ್ವರ

ಸೊಳ್ಳೆ ಹೊಡೆಯುವ ಬ್ಯಾಟು ಹಿಡಿದುಕೊಂಡು ಸರ್ಕಾರಿ ಕೆಲಸಕ್ಕೆ ಸೇರಿದ ಮಹಾಶಯ ಆ ಕಚೇರಿಯ ಚರಿತ್ರೆಯಲ್ಲಿ ಒಬ್ಬನೇ. ಈ ಸಾಲುಗಳನ್ನು ಬರೆಯುತ್ತಿರುವ ಗುಮಾಸ್ತನೇ ಅವನು. ನೇಮಕದ ಆದೇಶದಲ್ಲಿ 'ವಿಮಾನ ಪ್ರಯಾಣಿಕರ ಮಲೇರಿಯಾ ಪತ್ತೆ ವಿಭಾಗ' ಎಂದಿತ್ತು. ವಿಮಾನದೊಳಗೆ ನುಗ್ಗಿ, ಸೀಟಿನ ಸಂದಿಯಲ್ಲಿ ಅಡಗಿದ ಸೊಳ್ಳೆಗಳನ್ನು ಚಟಪಟ ಸುಡುವುದೇ ಉದ್ಯೋಗವೆಂದು ಅವನು ನಂಬಿದ್ದ. ಬ್ಯಾಟನ್ನು ಮನೆಯಿಂದಲೇ ಚಾರ್ಜು ಮಾಡಿ ತಂದಿದ್ದ.

ಎದುರು ಮೇಜಿನ ಹೆಂಗಸು ಕನ್ನಡಕದ ಮೇಲಿಂದ ಅವನನ್ನೂ ಬ್ಯಾಟನ್ನೂ ನೋಡಿದಳು.

"ನಾವಿಲ್ಲಿ ಸೊಳ್ಳೆ ಹಿಡಿಯಲ್ಲಪ್ಪ. ಬೇರೆ ದೇಶದಲ್ಲಿ ಕಚ್ಚಿಸ್ಕೊಂಡು ಬಂದೋರನ್ನ ಹಿಡೀತೀವಿ. ಕೂತ್ಕೋ, ನೀರು ಕುಡಿ."

ಅವಳೇ ತನಿಖೆ ಅಕ್ಕ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಹೆಸರು ಮಾತ್ರ ಅಂಟಿಕೊಂಡಿತ್ತು. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ಓಡಾಡಿ ಮಂಡಿ ಸವೆದ ಮೇಲೆ ಅವಳಿಗೆ ಈ ಕುರ್ಚಿ ಮತ್ತು ಫೋನು ಸಿಕ್ಕಿದ್ದವು. ಪಟ್ಟಣದ ದವಾಖಾನೆಗಳಿಗೆ ಬಿಡದ ಜ್ವರವೆಂದು ಬಂದವರ ನಂಬರು ಅವಳ ಮೇಜಿಗೆ ಬರುತ್ತಿತ್ತು. ಅವಳು ಫೋನು ಮಾಡಿ, "ಈಚೆಗೆ ಹೊರದೇಶಕ್ಕೇನಾದ್ರೂ ಹೋಗಿದ್ರಾ?" ಎಂದು ಕೇಳುವಳು. ಹೌದೆಂದವರನ್ನು ರಕ್ತಪರೀಕ್ಷೆ ಆಗುವವರೆಗೂ ಬಿಡುತ್ತಿರಲಿಲ್ಲ. ಇಲ್ಲವೆಂದವರಿಗೆ ಹುಷಾರಾಗಿರಿ ಎಂದು ಹೇಳಿ ಮುಂದಿನ ನಂಬರು ಒತ್ತುವಳು.

ಈ ಚಾಳಿ ಮನೆಯವರೆಗೂ ಹೋಗಿತ್ತು. ಎಲೆಕ್ಟ್ರಿಷಿಯನ್ ಗಂಡ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ರಿ, ಜೊತೆಗೆ ಯಾರಿದ್ರು ಎಂದು ಶುರು. "ರಕ್ತವೂ ಕೊಡ್ಲಾ, ಇಷ್ಟೇ ಸಾಕಾ?" ಎಂದು ಅವನು ತೋಳು ಚಾಚುತ್ತಿದ್ದ. ಅತ್ತೆ ಮಾತ್ರ ಅಕ್ಕಪಕ್ಕದವರಿಗೆಲ್ಲ "ನಮ್ಮ ಸೊಸೆ ವಿಮಾನದ ಇಲಾಖೇಲಿದಾಳೆ" ಎಂದು ಹೇಳಿಕೊಂಡು ಬರುತ್ತಿದ್ದಳು. ಆ ಮನೆಯಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂತು. ಹೊಲಿಗೆ ಅಂಗಡಿಯ ಹೆಂಗಸೊಬ್ಬಳ ರಕ್ತದಲ್ಲಿ ಮಲೇರಿಯಾ ಸಿಕ್ಕಿದೆ, ಅದೂ ತಲೆಗೇರುವ ಜಾತಿಯದು. ಬೇಗ ಮದ್ದು ಬಿದ್ದರೆ ನೆಗಡಿಯಂತೆ ಇಳಿಯುತ್ತದೆ, ತಡವಾದರೆ ಮಿದುಳು ಮೂತ್ರಪಿಂಡಗಳನ್ನು ಹಿಡಿದುಕೊಳ್ಳುತ್ತದೆ. ಇವಳಿಗೆ ಮದ್ದು ಹೊತ್ತಿಗೆ ಸರಿಯಾಗಿ ಬಿದ್ದಿತ್ತು. ಅಕ್ಕ ಗುಮಾಸ್ತನನ್ನು ಕರೆದುಕೊಂಡು ವಾರ್ಡಿಗೆ ಹೋದಾಗ ಅವಳು ದಿಂಬಿಗೊರಗಿ ಬಿಸ್ಕತ್ತು ತಿನ್ನುತ್ತಿದ್ದಳು.

"ಯಾವ ದೇಶಕ್ಕೆ ಹೋಗಿದ್ರಮ್ಮ?"

"ದೇಶಗೀಶ ಎಲ್ಲೂ ಇಲ್ಲಕ್ಕ. ಊರಿಗೆ ಹೋಗಿದ್ದೆ."

"ಊರು ಯಾವುದು?"

ಅವಳು ಹೇಳಿದ ಊರು ಸಮುದ್ರದಾಚೆಯದು. ಎರಡು ವಿಮಾನ ಬದಲಿಸಿ ಹೋಗಬೇಕು.

"ಅದು ಹೊರದೇಶ ಅಲ್ವೇನಮ್ಮ?"

"ಹೆತ್ತಮ್ಮ ಇರೋ ಮನೆ ಹೊರದೇಶ ಹೇಗಾಗುತ್ತೆ? ನಮಗೆ ಹೊರದೇಶ ಅಂದ್ರೆ ಇದೇ. ದುಡಿಯೋಕೆ ಬಂದಿರೋದು."

ಗುಮಾಸ್ತನಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ.

"ಹೋಗೋ ಮುಂಚೆ ಮಾತ್ರೆ ತಗೊಂಡಿದ್ರಾ?"

"ನಮ್ಮೂರ ಸೊಳ್ಳೆಗೆ ಮಾತ್ರೆ ಬೇರೆನಾ? ಅದರ ಕೈಲಿ ಕಚ್ಚಿಸ್ಕೊಂಡೇ ಬೆಳೆದೋರು ನಾವು."

ಬೆಳೆದದ್ದು ನಿಜ. ಆದರೆ ಊರು ಬಿಟ್ಟು ವರ್ಷಗಳಾದ ಮೇಲೆ ಮೈಗೆ ಆ ಹಳೇ ಕಸುವು ಉಳಿಯುವುದಿಲ್ಲ. ಸೊಳ್ಳೆಗೆ ನೆಂಟಸ್ತಿಕೆಯೂ ತಿಳಿಯುವುದಿಲ್ಲ.

"ಜೊತೆಗೆ ಯಾರಿದ್ರು?"

"ನನ್ನ ತಮ್ಮ. ಟ್ಯಾಕ್ಸಿ ಓಡಿಸ್ತಾನೆ. ಅವನಿಗೂ ಮೈ ಬಿಸಿ. ಆದ್ರೆ ಅವನದು ಬರೀ ಸುಸ್ತಿನ ಜ್ವರವಂತೆ. ಆಫೀಸಿಂದ ಯಾರೋ ಒಬ್ಬ ಅಕ್ಕ ಫೋನ್ ಮಾಡಿ ವಿಚಾರಿಸಿ, ಹೆದರಬೇಡಪ್ಪ, ರೆಸ್ಟ್ ತಗೋ ಅಂದ್ರಂತೆ."

ಅಕ್ಕನ ಕೈಯಲ್ಲಿದ್ದ ಪೆನ್ನು ನಿಂತಿತು. ಆ ಫೋನು ಅವಳದೇ. ಅವನ ದನಿಯ ಹಿಂದೆ ಹಾರನ್ನುಗಳು ಕಿರುಚುತ್ತಿದ್ದದ್ದು ನೆನಪಾಯಿತು. "ಹೊರದೇಶಕ್ಕಾ? ಇಲ್ಲಕ್ಕ, ಅಷ್ಟೆಲ್ಲ ಪುಣ್ಯ ಎಲ್ಲಿದೆ?" ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

"ಅವನ ನಂಬರ್ ಕೊಡಿ."

ಫೋನು ಹೊಡೆದುಕೊಂಡೇ ಇತ್ತು. ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಅಕ್ಕ ಅವನ ಹೆಂಡತಿಗೆ ಮಾಡಿದಳು. ಅವಳು ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದಳು.

"ಬೇಡ ಅಂದ್ರೂ ಗಾಡಿ ತಗೊಂಡು ಹೋದ್ರಕ್ಕ. ಮಾತು ಸ್ವಲ್ಪ ತೊದಲ್ತಿತ್ತು. ನಿದ್ದೆಗೆಟ್ಟಿದಾರೆ ಅಂದ್ಕೊಂಡೆ. ಯಾಕೆ, ಏನಾಯ್ತು?"

"ಆಸ್ಪತ್ರೆಗೆ ಬಾಮ್ಮ. ಈಗಲೇ ಹೊರಡು."

ಮಂಡಿಯ ನೋವಿಗೆ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಿದ್ದವಳು ಅಂದು ಹೇಗೆ ಇಳಿದಳೋ, ಗುಮಾಸ್ತ ಸ್ಕೂಟರ್ ತೆಗೆಯುವಷ್ಟರಲ್ಲಿ ಗೇಟಿನ ಬಳಿ ನಿಂತಿದ್ದಳು. ಇವನಿಗೋ ಕಿಕ್ಕು ಹೊಡೆದರೆ ಸ್ಟಾರ್ಟಾಗದು. ಹೊಡೆದ, ಮತ್ತೆ ಹೊಡೆದ.

"ಕೀಲಿ ತಿರುಗಿಸೋ ಪುಣ್ಯಾತ್ಮ!" ಎಂದಳು ಅಕ್ಕ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ನೆರಳಿನಲ್ಲಿ ಇಸ್ಪೀಟಾಡುತ್ತಿದ್ದರು.

"ಅವನಾ? ಬೆಳಿಗ್ಗೆ ನನ್ನನ್ನೇ ನೋಡಿ 'ಎಲ್ಲಿಗೆ ಹೋಗ್ಬೇಕು ಸಾರ್' ಅಂದ," ಎಂದ ದಪ್ಪ ಮೀಸೆಯವನು. "ಏನ್ ನಾಟಕ ಆಡ್ತಾನೆ ಅಂತ ಎಲ್ರೂ ನಕ್ವಿ."

"ನಾಟಕ ಅಲ್ಲಪ್ಪ ಅದು. ಜ್ವರ ತಲೆಗೇರಿದೆ. ಗಾಡಿ ಓಡಿಸ್ತಿದಾನೆ. ಎಲ್ಲಿದಾನೆ ಅಂತ ಹುಡುಕಿ!"

ಇಸ್ಪೀಟು ನೆಲಕ್ಕೆ ಬಿತ್ತು. ಎಲ್ಲರ ಕೈಗೂ ಫೋನು ಬಂತು. ಕಾಯುವಷ್ಟು ಹೊತ್ತೂ ಅಕ್ಕ ಕೂರಲಿಲ್ಲ. ಅವನ ಗಾಡಿಯಲ್ಲಿ ಯಾರಾದರೂ ಕೂತಿದ್ದರೆ? ಎದುರಿಗೆ ಲಾರಿ ಬಂದರೆ? ಸೆರಗಿನ ತುದಿ ಅವಳ ಬೆರಳಲ್ಲಿ ಹಗ್ಗದಂತೆ ಸುತ್ತಿಕೊಂಡಿತ್ತು. ಕೊನೆಗೆ ಮೀಸೆಯವನ ಫೋನು ರಿಂಗಾಯಿತು. ಗಾಡಿ ಮೇಲ್ಸೇತುವೆಯ ಕೆಳಗೆ, ಕಂಬದ ಪಕ್ಕ ನಿಂತಿದೆಯಂತೆ.

ಹೋದಾಗ ಗಾಡಿಯ ಎಂಜಿನ್ ಓಡುತ್ತಲೇ ಇತ್ತು. ಸುಡುಬಿಸಿಲಿನಲ್ಲಿ ವೈಪರು ಒಣ ಗಾಜನ್ನು ಕೆರೆಯುತ್ತಿತ್ತು. ಅವನು ಸ್ಟೀರಿಂಗಿಗೆ ಕೆನ್ನೆಯಿಟ್ಟು ಕೂತಿದ್ದ, ಕಣ್ಣು ಅರೆ ತೆರೆದಿತ್ತು. ಬಾಗಿಲುಗಳು ಒಳಗಿನಿಂದ ಲಾಕು. ಅಕ್ಕ ಗಾಜು ಬಡಿದಳು, ಕೂಗಿದಳು. ಅವನು ಅಲುಗಲಿಲ್ಲ. ಮೀಸೆಯವನು ಜಾಕಿಯ ರಾಡು ತಂದು ಹಿಂದಿನ ಗಾಜು ಒಡೆದ. ಗುಮಾಸ್ತ ಒಳಗೆ ಕೈಹಾಕಿ ಲಾಕು ತೆಗೆದ.

ಮೈ ಕೆಂಡ. ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಆಂಬುಲೆನ್ಸು ಬರುವಷ್ಟರಲ್ಲಿ ಅಕ್ಕ ಅವನ ಬೆರಳು ಚುಚ್ಚಿ ಹನಿ ರಕ್ತವನ್ನು ತನ್ನ ಚೀಲದಲ್ಲಿದ್ದ ಮಲೇರಿಯಾ ಪರೀಕ್ಷೆಯ ಕಾರ್ಡಿಗೆ ಬಿಟ್ಟಳು. ಇರಬಾರದ ಗೆರೆ ಮೂಡಿಯೇ ಮೂಡಿತು. ಅವನು ತುಸು ಕಣ್ಣು ತೆರೆದು, ಊರಿನ ತಾಯಿಯನ್ನೇ ಕಂಡವನಂತೆ ಅವಳ ಮುಖವನ್ನು ದಿಟ್ಟಿಸಿ, "ಊಟ ಆಯ್ತಮ್ಮ, ನೀನು ಮಲಗು" ಎಂದ.

ಅಕ್ಕ "ಆಯ್ತಪ್ಪ" ಎಂದಳು. ಸೆರಗಿನಿಂದ ಅವನ ಹಣೆ ಒರೆಸಿದಳು.

ತೀವ್ರ ನಿಗಾ ಘಟಕದಿಂದ ಹೊರಬಂದ ಡಾಕ್ಟರು ಸುತ್ತು ಬಳಸಲಿಲ್ಲ. ಜೀವದ ಬಗ್ಗೆ ಈ ಗಳಿಗೆಯಲ್ಲಿ ಏನೂ ಹೇಳಲಾಗದು. ಮೂತ್ರಪಿಂಡ ನಿಂತಿದೆ, ರಕ್ತ ಸೋಸುವ ಯಂತ್ರಕ್ಕೆ ಹಾಕಿದ್ದೇವೆ. ಮದ್ದು ರಕ್ತಕ್ಕೆ ಹೋಗುತ್ತಿದೆ, ಕಾಯಬೇಕು.

ಸುದ್ದಿ ತಿಳಿದು ಕಚೇರಿಯ ಸಾಹೇಬರೂ ಬಂದರು. ಅಕ್ಕನನ್ನು ಕಂಬದ ಮರೆಗೆ ಕರೆದು, ತಗ್ಗಿದ ದನಿಯಲ್ಲಿ, "ನೋಡಮ್ಮ, ನಾವು ಕೊಟ್ಟ ಪ್ರಶ್ನೆಯನ್ನೇ ನೀವು ಕೇಳಿದೀರಿ. ಸುಳ್ಳು ಹೇಳಿದ್ದು ಅವನು. ಯಾರು ಕೇಳಿದ್ರೂ ಅಷ್ಟೇ ಹೇಳಿ. ಪಿಂಚಣಿ ಹತ್ರ ಬಂದಿದೆ ನಿಮ್ದು" ಎಂದರು.

"ಅವನು ಸುಳ್ಳು ಹೇಳಿಲ್ಲ ಸಾರ್. ಅವನು ಹೋಗಿದ್ದು ಊರಿಗೆ, ಹೊರದೇಶಕ್ಕಲ್ಲ."

"ಅಯ್ಯೋ, ಹೇಳಿದ್ದಷ್ಟು ಮಾಡಿ."

ಅಕ್ಕ ಬೆಂಚಿಗೆ ಬಂದು ಕೂತಳು. ಪಕ್ಕದಲ್ಲಿ ಶಾಲೆಯ ಏಪ್ರನ್ನು ಬಿಚ್ಚದೆಯೇ ಓಡಿಬಂದಿದ್ದ ಅವನ ಹೆಂಡತಿ. ಒಳಗಿನ ಯಂತ್ರದ ಸದ್ದು ಬಾಗಿಲು ತೆರೆದಾಗಲೆಲ್ಲ ಕೇಳಿ ನಿಲ್ಲುತ್ತಿತ್ತು. ಒಮ್ಮೆ ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ತಲೆಯೆತ್ತಿದಳು.

"ಅಕ್ಕಾ, ಅವತ್ತು ಇವ್ರಿಗೆ ಫೋನ್ ಮಾಡಿದ ಆಫೀಸಿನ ಅಕ್ಕ ನೀವೇ ಇರ್ಬೇಕು. ನಿಜಾನಾ? ಅವತ್ತೇ ಗೊತ್ತಾಗಿದ್ರೆ ಇವ್ರು ಇಷ್ಟೊತ್ತಿಗೆ ಮನೇಲಿರ್ತಿದ್ರಾ?"

ಸಾಹೇಬರು ಕೆಮ್ಮಿದರು. ಗುಮಾಸ್ತ ತನ್ನ ಬೂಟಿನ ಲೇಸು ನೋಡತೊಡಗಿದ.

"ಇರ್ತಿದ್ರು," ಎಂದಳು ಅಕ್ಕ. "ನಾನು ಸರಿಯಾಗಿ ಕೇಳ್ಲಿಲ್ಲ."